‘ತಿಳಿಸುತ್ತೇವೆ’ ಅಂದಿರಲ್ಲ, ಯಾವಾಗ ಸ್ವಾಮೀ?



ಈ ಸಲ ಯಾವ ಮಂತ್ರಿಯನ್ನೂ ಬೈದು ಶುರು ಮಾಡುವುದಿಲ್ಲ. ಒಂದೇ ಒಂದು ಪದದಿಂದ ಶುರು ಮಾಡುತ್ತೇನೆ. ಆ ಪದ ‘ತಿಳಿಸುತ್ತೇವೆ’. ಕೆಲಸಕ್ಕೆಂದು ಸಂದರ್ಶನಕ್ಕೆ ಹೋಗಿ ಬಂದ ನೀವೆಲ್ಲ ಈ ಪದ ಕೇಳಿದ್ದೀರಿ. ಕುರ್ಚಿಯಿಂದ ಏಳುವಾಗ ಮೇಜಿನ ಆಚೆ ಕೂತವರು ಹೇಳುವ ಮಾತು ಇದು. ಯಾವಾಗ ತಿಳಿಸುತ್ತಾರೆ, ಹೇಗೆ ತಿಳಿಸುತ್ತಾರೆ, ಯಾರು ತಿಳಿಸುತ್ತಾರೆ? ಅದನ್ನು ಅವರು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಕೈಮುಗಿದು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬರುತ್ತೇವೆ. ಆಮೇಲೆ ಕಾಯುತ್ತೇವೆ.

ಹೊನ್ನಾವರದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಯ ರಸೀದಿ ಪುಸ್ತಕ, ಇಂಥವೇ ನಮ್ಮ ಕಸುಬು. ಪಕ್ಕದಲ್ಲೇ ಝೆರಾಕ್ಸ್ ಯಂತ್ರ ಇದೆ, ಡಿಟಿಪಿ ಇದೆ. ಹಾಗಾಗಿ ಬಯೋಡಾಟ ಟೈಪ್ ಮಾಡಿಸಲು ಹುಡುಗ ಹುಡುಗಿಯರು ಬರುತ್ತಾರೆ. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಓದಿದವರು, ಇಲ್ಲಿನ ಎಸ್‌ಡಿಎಂ ಕಾಲೇಜಿನವರು, ಭಟ್ಕಳದ ಅಂಜುಮನ್‌ನಲ್ಲಿ ಓದಿದವರು. ಮನೆಯಲ್ಲಿ ಒಬ್ಬರದು ಕನ್ನಡ, ಒಬ್ಬರದು ಕೊಂಕಣಿ, ಇನ್ನೊಬ್ಬರದು ನವಾಯತಿ. ಆದರೆ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಮಾತಾಡುವುದು ಎಲ್ಲರೂ ಕನ್ನಡವೇ. ಬಯೋಡಾಟ ಮಾತ್ರ ಎಲ್ಲರದೂ ಇಂಗ್ಲಿಷಿನಲ್ಲಿ.

ತಿಂಗಳು ಬಿಟ್ಟು ಅದೇ ಹುಡುಗ ಮತ್ತೆ ಬರುತ್ತಾನೆ. “ತಮಾ, ಎಂತ ಆಯ್ತು?” ಅಂತ ಕೇಳುತ್ತೇನೆ. “ತಿಳಿಸ್ತೇವೆ ಅಂದ್ರು ಅಣ್ಣಾ. ಎಂತದೂ ಬರ್ಲಿಲ್ಲ.” ಇನ್ನೆರಡು ಪ್ರತಿ ತೆಗೆಸಿಕೊಂಡು ಹೋಗುತ್ತಾನೆ. ಮೂರನೆಯ ಸಲ ಬಂದಾಗ ನಾನು ಕೇಳುವುದಿಲ್ಲ. ಅವನೂ ನನ್ನ ಮುಖ ನೋಡುವುದಿಲ್ಲ. ಮೊಬೈಲನ್ನು ಮಾತ್ರ ಕೈಯಿಂದ ಕೆಳಗಿಡುವುದಿಲ್ಲ. ಅದು ರಿಂಗಾದರೆ ಎದೆ ಹಾರುತ್ತದೆ. ಯಾವುದೋ ಸಾಲದ ಕಂಪನಿಯ ಫೋನಾಗಿರುತ್ತದೆ.

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ನಾನೂ ಕಾದವನೇ.

1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿ ಮಾರ್ಗ ಉದ್ಘಾಟನೆಯಾಯಿತು. ಅದೇ ವರ್ಷ ನನ್ನ ಪಿಯುಸಿ ಮುಗಿಯಿತು. ಮುಂದೆ ಓದಿಸುವ ಶಕ್ತಿ ಅಪ್ಪನಿಗೆ ಇರಲಿಲ್ಲ. ಮರುವರ್ಷ ಒಂದು ಸಂಸ್ಥೆಯಿಂದ ಗುಮಾಸ್ತನ ಕೆಲಸಕ್ಕೆ ಸಂದರ್ಶನದ ಕಾಗದ ಬಂತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಂಗಳೂರಿಗೆ ಹೋದೆ. ಒಳಗೆ ಮೂವರು ಕೂತಿದ್ದರು. ಇಂಗ್ಲಿಷಿನಲ್ಲಿ ಕೇಳಿದರು. ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಹೇಳಿ, ಉಳಿದದ್ದನ್ನು ಕನ್ನಡದಲ್ಲಿ ಹೇಳಿದೆ. ಅವರಲ್ಲಿ ಇಬ್ಬರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೂ ಆಡಲಿಲ್ಲ. ಕೊನೆಗೆ ಒಬ್ಬರು, ಅದೊಂದು ಮಾತನ್ನು ಮಾತ್ರ ಕನ್ನಡದಲ್ಲಿ, “ಪೋಸ್ಟಿನಲ್ಲಿ ತಿಳಿಸುತ್ತೇವೆ” ಅಂದರು.

ಮಳೆಗಾಲ ಶುರುವಾಗುವ ಹೊತ್ತಿನಿಂದ ದೀಪಾವಳಿಯವರೆಗೆ ಕಾದೆ. ಬೆಳಿಗ್ಗೆ ಹನ್ನೊಂದಕ್ಕೆ ಅಂಚೆಯವರು ಬರುವ ಹೊತ್ತಿಗೆ ಜಗುಲಿಯ ಮೇಲೆ ಕೂರುತ್ತಿದ್ದೆ. ಮೊದಮೊದಲು ಅವರು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದರು. ಆಮೇಲೆ ನಮ್ಮ ಮನೆಯ ಮುಂದೆ ಸೈಕಲ್ಲನ್ನು ಜೋರಾಗಿ ತುಳಿಯುತ್ತಿದ್ದರು. ಪಾಪ, ಅವರಿಗೇ ಮುಜುಗರ. ಈ ನಡುವೆ ಕುಮಟಾದ ಒಂದು ಪ್ರೆಸ್ಸಿನವರು ಎರಡು ಸಲ ಹೇಳಿ ಕಳಿಸಿದ್ದರು, ಹುಡುಗನನ್ನು ಕಂಪೋಸಿಂಗ್ ಕಲಿಯಲು ಕಳಿಸಿ ಅಂತ. ನಾನು ಹೋಗಲಿಲ್ಲ. ಕಾಗದ ಬಂದಾಗ ಮನೆಯಲ್ಲಿರಬೇಕಲ್ಲ! ಕಾಗದ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಪ್ರೆಸ್ಸಿಗೆ ಹೋದೆ. ಕಂಪೋಸಿಂಗಿಗೆ ಬೇರೆ ಹುಡುಗ ಸೇರಿ ಆಗಿತ್ತು. ಹಾಳೆ ಮಡಿಚುವ ಕೆಲಸಕ್ಕೆ ಸೇರಿದೆ, ಅರ್ಧ ಸಂಬಳಕ್ಕೆ.

ಆ ಸಂಸ್ಥೆ ನನಗೆ ಕೆಲಸ ಕೊಡಲಿಲ್ಲ ಅಂತ ಇವತ್ತಿಗೂ ನನಗೆ ಸಿಟ್ಟಿಲ್ಲ. ನನಗಿಂತ ಜಾಣರು ಬಂದಿದ್ದಿರಬಹುದು. ‘ಇಲ್ಲ’ ಅಂತ ಒಂದು ಕಾರ್ಡು ಬರೆಯಲಿಲ್ಲವಲ್ಲ, ಅದಕ್ಕೆ ಸಿಟ್ಟು. ಸಣ್ಣದೊಂದು ಅಂಚೆ ಕಾರ್ಡು ಬಂದಿದ್ದರೆ ನನ್ನ ಐದು ತಿಂಗಳು ಉಳಿಯುತ್ತಿತ್ತು. ‘ಇಲ್ಲ’ ಅನ್ನುವುದೂ ಒಂದು ಉತ್ತರ, ಗೆಳೆಯರೇ. ಉತ್ತರವನ್ನೇ ಕೊಡದಿರುವುದು ಅನ್ಯಾಯ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಮ್ಮ ಮನೆಯ ಕತೆ ಬಿಡಿ. ಸರ್ಕಾರದ ಕತೆ ನೋಡೋಣ. ಕರ್ನಾಟಕ ಲೋಕಸೇವಾ ಆಯೋಗ 2011ರಲ್ಲಿ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಹುಡುಗರು ಓದಿದರು, ಬರೆದರು, 2013ರಲ್ಲಿ ಸಂದರ್ಶನಕ್ಕೆ ಕೂತರು. ಅಕ್ರಮದ ದೂರು ಬಂತು, ಸಿಐಡಿ ತನಿಖೆ ಆಯಿತು. 2014ರ ಆಗಸ್ಟಿನಲ್ಲಿ ಸರ್ಕಾರ ಇಡೀ ಪಟ್ಟಿಯನ್ನೇ ಕೈಬಿಟ್ಟಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿ ಅವರಿಗೆ ಕೆಲಸ ಕೊಡಿ ಅಂದಿತು. 2018ರಲ್ಲಿ ಹೈಕೋರ್ಟು ಕೂಡದು ಅಂದಿತು. 2022ರಲ್ಲಿ ವಿಧಾನಮಂಡಲ ಹೊಸ ಕಾಯ್ದೆಯನ್ನೇ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಲೆಕ್ಕ ಹಾಕಿ. 2011ರಲ್ಲಿ ಅರ್ಜಿ ಹಾಕಿದಾಗ ಇಪ್ಪತ್ತೈದು ವರ್ಷದವನಾಗಿದ್ದವನಿಗೆ ಉತ್ತರ ಸಿಗುವ ಹೊತ್ತಿಗೆ ಮೂವತ್ತಾರು! ಲಂಚ ಕೊಟ್ಟವನು ಯಾರು, ರಾತ್ರಿಯೆಲ್ಲ ಓದಿ ಬರೆದವನು ಯಾರು ಎಂದು ಬೇರ್ಪಡಿಸಲು ನಮ್ಮ ವ್ಯವಸ್ಥೆಗೆ ಹನ್ನೊಂದು ವರ್ಷದಲ್ಲೂ ಆಗಲಿಲ್ಲ. ಕಳ್ಳನನ್ನೂ ಸಾಚಾ ಮನುಷ್ಯನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಕಾಯಿಸಿದರು.

545 ಪಿಎಸ್‌ಐ ಹುದ್ದೆಗಳ ಕತೆಯೂ ಗೊತ್ತಲ್ಲ? ಪರೀಕ್ಷೆ 2021ರ ಅಕ್ಟೋಬರಿನಲ್ಲಿ. ಆಯ್ಕೆ ಪಟ್ಟಿ ಬಂದದ್ದು 2022ರ ಜನವರಿಯಲ್ಲಿ. ಮನೆಯಲ್ಲಿ ಸಿಹಿ ಹಂಚಿದವರೆಷ್ಟೋ. ಅಕ್ರಮ ಬಯಲಾಗಿ ಏಪ್ರಿಲಿನಲ್ಲಿ ಎಲ್ಲ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ, ಅಂತಿಮ ಪಟ್ಟಿ ಅದೇ ವರ್ಷದ ಅಕ್ಟೋಬರಿನಲ್ಲಿ. ಮೂರು ವರ್ಷ! ಓಡಲು, ಜಿಗಿಯಲು ಮೈ ಗಟ್ಟಿಯಿರುವ ವಯಸ್ಸಿನ ಮೂರು ವರ್ಷ. ರದ್ದು ಮಾಡಿದ್ದು ತಪ್ಪೆನ್ನುವುದಿಲ್ಲ, ಕಳ್ಳಪಟ್ಟಿ ಹರಿಯಲೇಬೇಕಿತ್ತು. ಆದರೆ ಹರಿದ ಮೇಲೆ ಹೊಸದನ್ನು ಬರೆಯಲು ಇಷ್ಟು ಕಾಲವೇ?

ಇನ್ನು ನಮ್ಮ ನುಡಿಗೇ ನೇರವಾಗಿ ತಾಗುವ ಸಂಗತಿ. 2024ರ ಆಗಸ್ಟ್ 27ರಂದು ಅದೇ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆ ಹುಟ್ಟಿದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ಬಂದದ್ದು ಅನುವಾದವಾಗಿ. ಆ ಅನುವಾದ ಎಂಥದ್ದೆಂದರೆ, ಕನ್ನಡ ಮಾಧ್ಯಮದಲ್ಲಿ ಓದಿದವನು ತನ್ನ ತಾಯಿನುಡಿಯ ಪ್ರಶ್ನೆ ಅರ್ಥವಾಗದೆ ಪಕ್ಕದ ಇಂಗ್ಲಿಷ್ ಸಾಲನ್ನು ನೋಡಬೇಕಾಯಿತು. ಗಲಾಟೆ ಎದ್ದಿತು. ಮುಖ್ಯಮಂತ್ರಿಗಳು ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ. ಅದರಲ್ಲೂ ಮತ್ತೆ ಅನುವಾದದ ತಪ್ಪುಗಳ ದೂರು, ಮತ್ತೆ ಕನ್ನಡ ಸಂಘಟನೆಗಳು ಬೀದಿಗೆ! ಕನ್ನಡ ನಾಡಿನ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡ ಅನುವಾದದ ಕೂಸು! ರಾಜ್ಯದ ಆಡಳಿತ ಭಾಷೆಯ ಕಾಯ್ದೆ ಬಂದದ್ದು 1963ರಲ್ಲಿ. ಅರವತ್ತು ವರ್ಷ ದಾಟಿದರೂ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಯುವವರು ಸಿಗಲಿಲ್ಲವೇ? ಅಚ್ಚಿನ ಕಸುಬಿನವನಾಗಿ ಹೇಳುತ್ತೇನೆ. ಮದುವೆ ಕಾಗದದಲ್ಲಿ ಹುಡುಗಿಯ ಹೆಸರು ಒಂದಕ್ಷರ ತಪ್ಪಿದರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗುತ್ತಾರೆ. ಅದಕ್ಕೇ ನಾವು ಎರಡು ಸಲ ಪ್ರೂಫ್ ನೋಡುತ್ತೇವೆ. ಆಯೋಗದ ಪ್ರಶ್ನೆಪತ್ರಿಕೆಗೆ ಅಷ್ಟೂ ಬೇಡವೇ?

ಬ್ಯಾಂಕಿನ ಕಡೆ ಬನ್ನಿ. ಕರಾವಳಿಯೆಂದರೆ ಬ್ಯಾಂಕುಗಳ ತೊಟ್ಟಿಲು ಎಂದು ಶಾಲೆಯಲ್ಲಿ ಕಲಿತವರು ನಾವು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು. ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕು. ಕುಮಟಾದ ಹುಡುಗ ಬ್ಯಾಂಕಿನ ಕೆಲಸದ ಕನಸು ಕಂಡರೆ ಅದಕ್ಕೊಂದು ಊರಿನ ವಿಳಾಸವಿತ್ತು, ಮಣಿಪಾಲ ಅಂತಲೋ ಮಂಗಳೂರು ಅಂತಲೋ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತರನ್ನು ಆರಿಸುವ ಪರೀಕ್ಷೆ 2011ರಿಂದ ಮುಂಬೈಯ ಐಬಿಪಿಎಸ್ ಕೈಯಲ್ಲಿ. ಹಳ್ಳಿಯ ಶಾಖೆಯಲ್ಲಿ ಕೂತು ಅಜ್ಜಿಯ ಪಾಸ್‌ಬುಕ್ ನೋಡುವವನನ್ನು ಆರಿಸಲು ಕನ್ನಡದ ಪ್ರಶ್ನೆಪತ್ರಿಕೆ ಇರಲಿಲ್ಲ! ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂದು ಕೇಂದ್ರ ಒಪ್ಪಿದ್ದು 2019ರಲ್ಲಿ. ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಇದೇ ಆಗಲೆಂದು ಹಣಕಾಸು ಇಲಾಖೆ ಹೇಳಿದ್ದು 2021ರಲ್ಲಿ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಕನ್ನಡದಲ್ಲಿ ಬಂದದ್ದು 2024ರಲ್ಲಿ. ಇವು ತಾವಾಗಿ ಉದುರಿದ ಹಣ್ಣುಗಳಲ್ಲ. ನಿಮ್ಮಂಥವರು, ನಿಮ್ಮ ಅಣ್ಣಂದಿರು ಪತ್ರ ಬರೆದು, ಬೀದಿಗಿಳಿದು, ಸಂಸತ್ತಿನಲ್ಲಿ ಕೇಳಿಸಿ ಪಡೆದವು. ಕಾದು ಕೂತಿದ್ದರೆ ಇನ್ನೂ ಕಾಯುತ್ತಲೇ ಇರುತ್ತಿದ್ದೆವು.

ನಮ್ಮ ಊರಿನ ರೈಲನ್ನೇ ನೋಡಿ. ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ. 1990ರಲ್ಲಿ ನಿಗಮ ಹುಟ್ಟಿತು. ಕರ್ನಾಟಕವೂ ಬಂಡವಾಳ ಹಾಕಿತು. ಭಟ್ಕಳ, ಹೊನ್ನಾವರ, ಕುಮಟಾದ ಜನ ಗದ್ದೆ ಕೊಟ್ಟರು, ತೋಟ ಕೊಟ್ಟರು. ನೆಲ ಕಳೆದುಕೊಂಡ ಮನೆಯವರಿಗೆ ಕೆಲಸದಲ್ಲಿ ಮೊದಲ ಆದ್ಯತೆ ಎಂದು ನಿಗಮದ ನೇಮಕಾತಿ ಪ್ರಕಟಣೆಗಳಲ್ಲೇ ಬರೆದಿರುತ್ತದೆ. ಒಳ್ಳೆಯದೇ. ಆದರೆ ನಿಗಮದ ಕೇಂದ್ರ ಕಚೇರಿ ಇರುವುದು ನವಿ ಮುಂಬೈಯ ಬೇಲಾಪುರದಲ್ಲಿ. ಗದ್ದೆ ಇಲ್ಲಿಯದು, ಹಳಿ ಇಲ್ಲಿಯದು, ಉತ್ತರ ಬರಬೇಕಾದದ್ದು ಮಾತ್ರ ಅಲ್ಲಿಂದ! ಅಪ್ಪ ಗದ್ದೆ ಕೊಟ್ಟ, ಮಗ ಅರ್ಜಿ ಕೊಟ್ಟ. ಅಪ್ಪನ ಗದ್ದೆಗೆ ನೋಟಿಸು ತಪ್ಪದೆ ಬಂದಿತ್ತು, ದಿನಾಂಕ ಸಮೇತ. ಮಗನ ಅರ್ಜಿಗೂ ಹಾಗೇ ದಿನಾಂಕ ಸಮೇತ ಉತ್ತರ ಬರಬೇಕು ಎಂದು ಕೇಳುವುದು ಅತಿಯಾಸೆಯೇ?

ಈಗ ಒಂದು ಮಾತು ಯೋಚಿಸಿ. ಕೆಲಸ ಕೇಳಿದ ಹುಡುಗ ಮಾತ್ರ ಕಾಯುತ್ತಿಲ್ಲ. ಕನ್ನಡವೇ ಸಂದರ್ಶನಕ್ಕೆ ಹೋಗಿ ಬಂದು ಜಗುಲಿಯ ಮೇಲೆ ಕಾಯುತ್ತಿದೆ. ನಮ್ಮ ಜಿಲ್ಲೆಯವರೇ ಆದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ ಸರೋಜಿನಿ ಮಹಿಷಿಯವರ ಸಮಿತಿ ನೇಮಕವಾಯಿತು. 1984ರಲ್ಲಿ ಮಧ್ಯಂತರ ವರದಿ, 1986ರಲ್ಲಿ ಪೂರ್ಣ ವರದಿ. 58 ಶಿಫಾರಸುಗಳು. ಅವುಗಳಲ್ಲಿ 45ನ್ನು ಸರ್ಕಾರ ಒಪ್ಪಿತು. ಈ ನೆಲದ ಸಿ ಮತ್ತು ಡಿ ದರ್ಜೆಯ ಕೆಲಸ ಈ ನೆಲದವರಿಗೆ ಸಿಗಬೇಕು ಎಂಬುದು ಅದರ ತಿರುಳು. ಒಪ್ಪಿದರು, ಆಮೇಲೆ? ‘ತಿಳಿಸುತ್ತೇವೆ’ ಅಂದರು! ಮಹಿಷಿಯವರು 2015ರಲ್ಲಿ ತೀರಿಕೊಂಡರು. ಉತ್ತರ ಬರಲಿಲ್ಲ. 2024ರ ಜುಲೈ 15ರಂದು ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಇತರೆ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ಉದ್ಯಮಿಗಳು ಕಣ್ಣು ಕೆಂಪು ಮಾಡಿದರು. ಎರಡೇ ದಿನಕ್ಕೆ ತಡೆ. ಚರ್ಚಿಸಿ ತೀರ್ಮಾನಿಸುತ್ತೇವೆ ಅಂದರು. ಅದೇ ಮಾತಲ್ಲವೇ, ಅಂಗಿ ಬೇರೆ ಅಷ್ಟೇ!

ಆ ಮಸೂದೆಯಲ್ಲಿ ಕಾನೂನಿನ ತೊಡಕು ಇರಬಹುದು. ಇದ್ದರೆ ಅದನ್ನು ಬರೆದು ಹೇಳಲಿ. ಇಂತಿಷ್ಟು ದಿನದಲ್ಲಿ ತಿದ್ದಿ ತರುತ್ತೇವೆ ಅನ್ನಲಿ, ಇಲ್ಲವೇ ಆಗುವುದಿಲ್ಲ ಅನ್ನಲಿ. ಆಗ ನಮ್ಮ ಮುಂದಿನ ದಾರಿ ನಾವು ನೋಡುತ್ತೇವೆ. 1982ರ ಗೋಕಾಕ್ ಚಳವಳಿ ನೆನಪಿದೆಯಲ್ಲ? ವರದಿ ಬಂದದ್ದು 1981ರಲ್ಲಿ. ಜನ ಕಾಯುತ್ತಾ ಕೂರಲಿಲ್ಲ. ರಾಜ್‌ಕುಮಾರ್ ಊರೂರಿಗೆ ಬಂದರು, ನಾಡು ಎದ್ದು ನಿಂತಿತು, ಸರ್ಕಾರ ಬಗ್ಗಿತು. ಉತ್ತರ ಕೇಳಿ ಪಡೆಯುವುದು ಹೇಗೆಂದು ನಮ್ಮ ಹಿರಿಯರು ತೋರಿಸಿ ಹೋಗಿದ್ದಾರೆ.

ಇಲ್ಲಿಯವರೆಗೆ ಬೆರಳು ಬೇರೆಯವರ ಕಡೆಗಿತ್ತು. ಈಗ ನನ್ನ ಕಡೆಗೆ ತಿರುಗಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಈ ಬರಹಕ್ಕೆ ಬೆಲೆಯಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಪ್ರೆಸ್ಸಿಗೆ ಡಿಟಿಪಿಗೆ ಒಬ್ಬರು ಬೇಕಾಗಿತ್ತು. ಒಬ್ಬ ಹುಡುಗಿ ಬಂದಳು. ಕನ್ನಡ ಟೈಪಿಂಗ್ ಚೆನ್ನಾಗಿತ್ತು, ಒತ್ತಕ್ಷರ ಒಂದೂ ತಪ್ಪಲಿಲ್ಲ. “ಹೇಳಿ ಕಳಿಸ್ತೇನೆ” ಅಂದೆ. ಮರುದಿನ ಪರಿಚಯದವರೊಬ್ಬರು ತಮ್ಮ ಹುಡುಗನನ್ನು ಕರೆತಂದರು. ಅವನನ್ನು ಇಟ್ಟುಕೊಂಡೆ. ಹುಡುಗಿಯ ವಿಷಯ ಮರೆತೇಬಿಟ್ಟೆ. ತಿಂಗಳ ಮೇಲೆ ಅವಳ ತಾಯಿ ಮೀನು ಮಾರಿ ಹೋಗುವ ದಾರಿಯಲ್ಲಿ ಪ್ರೆಸ್ಸಿನ ಮೆಟ್ಟಿಲ ಕೆಳಗೆ ನಿಂತರು. ಬುಟ್ಟಿ ಕೆಳಗಿಟ್ಟು, ಒಳಗೆ ಬರದೆ, “ಅಣ್ಣಾ, ಹುಡುಗಿ ದಿನಾ ಫೋನು ಹಿಡ್ಕಂಡೇ ಕೂತಿರ್ತದೆ. ಬೇಡ ಅಂತಾದ್ರೆ ಬೇಡ ಅಂದ್ಬಿಡಿ. ಹೊಲಿಗೆ ಕ್ಲಾಸಿಗೆ ಸೇರಿಸ್ತೆ” ಅಂದರು.

ಎಂಥ ಮಾತಾಡಲಿ ನಾನು? ಜಗುಲಿಯ ಮೇಲೆ ಐದು ತಿಂಗಳು ಕೂತವನು ನಾನು. ನನ್ನ ಜಾಗದಲ್ಲಿ ಇನ್ನೊಬ್ಬಳನ್ನು ಕೂರಿಸಿದ್ದೆ. ಅದೂ ಅಪ್ಪಟ ಕನ್ನಡದಲ್ಲಿ! ಇಂಗ್ಲಿಷಿನವನು ಮಾಡಿದರೆ ದಬ್ಬಾಳಿಕೆ, ಕನ್ನಡದವನು ಮಾಡಿದರೆ ಮರೆವು ಎನ್ನಲಾದೀತೇ? “ತಪ್ಪಾಯ್ತು ತಾಯಿ, ಬೇರೆಯವರನ್ನ ತಗೊಂಡೆ” ಅಂದೆ. ಅವರು ಸಿಟ್ಟಾಗಲಿಲ್ಲ. “ಆಯ್ತು, ಹೇಳಿದ್ರಲ್ಲ, ಸಾಕು” ಅಂದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದರು. ಆವತ್ತಿನಿಂದ ಕೆಲಸ ಕೇಳಿ ಬಂದವರ ಹೆಸರು, ಫೋನ್ ನಂಬರು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಏಳು ದಿನದೊಳಗೆ ಹೌದು ಅಥವಾ ಇಲ್ಲ ಅಂತ ನಾನೇ ಫೋನ್ ಮಾಡುತ್ತೇನೆ. ಖರ್ಚಾಗುವುದು ಎರಡು ನಿಮಿಷ. ನಮ್ಮ ಅಂಗಡಿ, ಹೋಟೆಲು, ಆಸ್ಪತ್ರೆ, ಶಾಲೆ, ಸೊಸೈಟಿಗಳ ಕನ್ನಡದ ಧಣಿಗಳೇ, ಮೊದಲು ನಾವು ಸರಿಯಾಗೋಣ. ಆಮೇಲೆ ಬೇಲಾಪುರವನ್ನೂ ಬೆಂಗಳೂರನ್ನೂ ಕೇಳುವ ಬಾಯಿ ನಮಗೆ ಬರುತ್ತದೆ.

ಈಗ ನಿಮಗೆ, ಕಾಯುತ್ತಿರುವ ಹುಡುಗ ಹುಡುಗಿಯರಿಗೆ, ನಾಲ್ಕು ಮಾತು. ಉಪದೇಶವಲ್ಲ, ಕೈಗೊಂದು ಆಯುಧ.

ಒಂದು: ಸಂದರ್ಶನ ಮುಗಿದು ಏಳುವ ಮೊದಲು ಕೇಳಿ. “ಯಾವ ತಾರೀಖಿನೊಳಗೆ ತಿಳಿಸುತ್ತೀರಿ? ಆಗದಿದ್ದರೂ ತಿಳಿಸುತ್ತೀರಾ? ಯಾರಿಗೆ ಫೋನ್ ಮಾಡಬೇಕು?” ಇಷ್ಟು ಕೇಳಿದರೆ ಕೆಲಸ ತಪ್ಪುವುದಿಲ್ಲ. ತಪ್ಪಿದರೆ, ಅಂಥವರ ಕೈಕೆಳಗೆ ಸೇರದೇ ಉಳಿದಿರಿ ಎಂದುಕೊಳ್ಳಿ. ಅವರು ಹೇಳಿದ ತಾರೀಖನ್ನು ಹೊರಗೆ ಬಂದ ಕೂಡಲೇ ಬರೆದಿಡಿ.

ಎರಡು: ಆ ತಾರೀಖು ದಾಟಿದರೆ ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಉದ್ದ ಬೇಡ. “ಮಾನ್ಯರೇ, ಇಂಥ ದಿನ ಇಂಥ ಹುದ್ದೆಯ ಸಂದರ್ಶನಕ್ಕೆ ಹಾಜರಾಗಿದ್ದೆ. ಇಂಥ ದಿನದೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ಈವರೆಗೆ ಉತ್ತರ ಬಂದಿಲ್ಲ. ಆಯ್ಕೆಯಾಗಿದ್ದರೂ ಆಗಿರದಿದ್ದರೂ ದಯವಿಟ್ಟು ತಿಳಿಸಿ. ಮುಂದಿನ ದಾರಿ ನೋಡಿಕೊಳ್ಳಲು ಅನುಕೂಲವಾಗುತ್ತದೆ.” ಇಷ್ಟೇ ಸಾಕು. ಇದರಲ್ಲಿ ಬೇಡುವುದೇನೂ ಇಲ್ಲ, ಬೈಯುವುದೂ ಇಲ್ಲ. ಒಂದು ಪ್ರತಿ ನಿಮ್ಮ ಬಳಿ ಇರಲಿ.

ಮೂರು: ಸರ್ಕಾರಿ ಇಲಾಖೆ, ನಿಗಮ, ಸರ್ಕಾರಿ ಬ್ಯಾಂಕು ಆದರೆ ಮಾಹಿತಿ ಹಕ್ಕಿನ ಕಾಯ್ದೆ ಇದೆ, 2005ರದ್ದು. ಅದರ 6ನೇ ಕಲಂ ಓದಿ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಅಂದರೆ ಕುಮಟಾದಲ್ಲಿ ಕೂತು ಕೇಂದ್ರದ ಕಚೇರಿಗೂ ಕನ್ನಡದಲ್ಲೇ ಬರೆಯಬಹುದು! ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ ಹಾಕಿ. ರಾಜ್ಯ ಸರ್ಕಾರದ ಕಚೇರಿಗಾದರೆ ಒಂದೇ ವಿಷಯ, 150 ಪದ ಮೀರದಂತೆ ಬರೆಯಿರಿ, ಇಲ್ಲಿನ ನಿಯಮ ಹಾಗಿದೆ. “ಯಾವಾಗ ಕೆಲಸ ಕೊಡುತ್ತೀರಿ?” ಎಂದು ಕೇಳಬೇಡಿ, ಜಾರಿಕೊಳ್ಳುತ್ತಾರೆ. ದಾಖಲೆ ಕೇಳಿ. ನೇಮಕಾತಿ ಕಡತ ಈಗ ಯಾವ ಹಂತದಲ್ಲಿದೆ, ಆಯ್ಕೆ ಪಟ್ಟಿಯ ಪ್ರತಿ, ನನಗೆ ಬಂದ ಅಂಕ. ನಿಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ನಿಮಗಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಯುಪಿಎಸ್‌ಸಿ ಪರೀಕ್ಷೆಯ ವಿಷಯದಲ್ಲಿ 2018ರಲ್ಲಿ ಅದೇ ಕೋರ್ಟು ಸ್ವಲ್ಪ ಬಿಗಿ ಹಿಡಿದಿದೆ, ಅದೂ ಗೊತ್ತಿರಲಿ.

ನಾಲ್ಕು: ಕಾಯುವುದನ್ನೇ ಕೆಲಸ ಮಾಡಿಕೊಳ್ಳಬೇಡಿ. ನಾನು ಮಾಡಿದ ತಪ್ಪು ಅದು. ಕೈಗೆ ಸಿಕ್ಕ ಕೆಲಸಕ್ಕೆ ಹೋಗಿ, ಇನ್ನೊಂದು ಅರ್ಜಿ ಹಾಕಿ, ಏನಾದರೂ ಕಲಿಯಿರಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ, ಝೆರಾಕ್ಸ್ ಕೊಡಿ. ಕಾದು ಕಾದು ಸೋತವನ ಮನೆ ಬಾಗಿಲಿಗೇ ದಲ್ಲಾಳಿ ಬರುವುದು, “ಇಷ್ಟು ಕೊಟ್ಟರೆ ಆರ್ಡರ್ ತರಿಸುತ್ತೇನೆ” ಅಂತ. ಅವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಭಟ್ಕಳದ, ಹೊನ್ನಾವರದ ಹುಡುಗರು ಗಲ್ಫ್ ದೇಶಗಳ ಕೆಲಸಕ್ಕೆ ಮುಂಬೈಗೆ ಹೋಗಿ ಸಂದರ್ಶನ ಕೊಟ್ಟು ಬರುತ್ತೀರಿ. ಏಜೆಂಟನಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇದೆಯೇ ಎಂದು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿಯೇ ಪಾಸ್‌ಪೋರ್ಟಿಗೆ ಕೈಹಾಕಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಪ್ರತಿ ನೇಮಕಾತಿ ಪ್ರಕಟಣೆಯಲ್ಲಿ ಅರ್ಜಿಯ ಕೊನೆಯ ದಿನ ಹಾಕುವಂತೆ ಉತ್ತರದ ಕೊನೆಯ ದಿನವನ್ನೂ ಹಾಕಿ. ಅರ್ಜಿ ಒಂದು ದಿನ ತಡವಾದರೆ ಹುಡುಗನದು ತಿರಸ್ಕೃತ. ನಿಮ್ಮದು ಹನ್ನೊಂದು ವರ್ಷ ತಡವಾದರೆ? ಎರಡನೆಯದು, ಆಯ್ಕೆಯಾದವರಿಗೆ ಮಾತ್ರವಲ್ಲ, ಆಗದವರಿಗೂ ಕನ್ನಡದಲ್ಲಿ ಉತ್ತರ ಕಳಿಸಿ, ಅವರ ಅಂಕದ ಸಮೇತ. ಮೂರನೆಯದು, ಈ ನೆಲದಲ್ಲಿ ಭೂಮಿ, ನೀರು, ಕರೆಂಟು ಪಡೆದ ಖಾಸಗಿ ಸಂಸ್ಥೆಗಳಿಗೂ ಇದೇ ನಿಯಮ ಮಾಡಿ. ಅರ್ಜಿ ತೆಗೆದುಕೊಂಡವರು ಉತ್ತರ ಕೊಡಲೇಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಮನುಷ್ಯತ್ವ ಬೇಕು, ಒಂದು ಸುತ್ತೋಲೆ ಬೇಕು.

ಗೆಳೆಯರೇ, ನಾವು ‘ಕನ್ನಡಿಗರಿಗೆ ಕೆಲಸ ಕೊಡಿ’ ಎಂದು ಕೂಗುತ್ತಲೇ ಬಂದಿದ್ದೇವೆ, ಕೂಗುತ್ತೇವೆ. ಅದರ ಜೊತೆಗೆ ಇನ್ನೊಂದು ಕೂಗೂ ಸೇರಲಿ: ‘ಕನ್ನಡಿಗರಿಗೆ ಉತ್ತರ ಕೊಡಿ!’ ಕೆಲಸ ಎಲ್ಲರಿಗೂ ಸಿಗಲಾರದು. 384 ಹುದ್ದೆಗೆ ಲಕ್ಷಗಟ್ಟಲೆ ಜನ ನಿಂತರೆ ಸಿಗುವುದು 384 ಜನಕ್ಕೇ. ಆದರೆ ಉತ್ತರ ಎಲ್ಲರಿಗೂ ಸಿಗಬಹುದು. ಅದು ಭಿಕ್ಷೆಯಲ್ಲ.

ಮಾಹಿತಿ ಹಕ್ಕಿನ ಕನ್ನಡ ಅರ್ಜಿಯ ನಮೂನೆ, ಮೇಲೆ ಹೇಳಿದ ಪತ್ರದ ನಮೂನೆ ಎರಡನ್ನೂ ಅಚ್ಚು ಹಾಕಿ ಪ್ರೆಸ್ಸಿನ ಮೇಜಿನ ಮೇಲೆ ಇಟ್ಟಿದ್ದೇನೆ. ಈ ಪತ್ರಿಕೆ ಹಂಚುವ ಹುಡುಗರ ಕೈಯಲ್ಲೂ ಇದೆ. ದುಡ್ಡು ಬೇಡ, ತೆಗೆದುಕೊಂಡು ಹೋಗಿ. ಯಾರಿಗೆ ಉತ್ತರ ಬಂತು, ಎಷ್ಟು ದಿನಕ್ಕೆ ಬಂತು, ಯಾವ ಭಾಷೆಯಲ್ಲಿ ಬಂತು ಎಂದು ನಮಗೆ ಬರೆದು ತಿಳಿಸಿ. ನಿಮ್ಮ ಪತ್ರ ಬಂದ ಏಳು ದಿನದೊಳಗೆ ನಿಮಗೆ ಉತ್ತರ ಬರುತ್ತದೆ. ಕನ್ನಡದಲ್ಲಿ.